ಹೆಬ್ಬೆರಳಿನ ಗುರುತಿಲ್ಲದ ಕನ್ನಡಿ

ಆ ಮನೆಯಲ್ಲಿ ಮೂವತ್ತೊಂದು ಕನ್ನಡಿಗಳಿದ್ದವು. ಮೂವತ್ತೊಂದೂ ಗೋಡೆಗೆ ಮುಖ ಮಾಡಿಕೊಂಡಿದ್ದವು.

ಬೀದಿಬಾಗಿಲಿನಿಂದ ಹಿಂಭಾಗದ ಕಾರ್ಖಾನೆಯವರೆಗೆ ಎಲ್ಲಿ ನೋಡಿದರೂ ಬೆನ್ನುಗಳೇ. ಕೆಂಗಂದು ಬಣ್ಣ ಬಳಿದ ಬೆನ್ನು, ರಟ್ಟು ಹೊಡೆದ ಬೆನ್ನು, ಹಳೆಯ ಪತ್ರಿಕೆ ಅಂಟಿಸಿದ ಬೆನ್ನು. ತಪ್ಪು ಮಾಡಿ ಮೂಲೆಯಲ್ಲಿ ನಿಂತ ಶಾಲಾಮಕ್ಕಳಂತೆ ಅವು ಸಾಲಾಗಿ ನಿಂತಿದ್ದವು. ಮೂರು ತಲೆಮಾರುಗಳಿಂದ ಕನ್ನಡಿ ಮಾಡಿಕೊಂಡೇ ಬದುಕಿದ ಮನೆಯ ಸೊಸೆ ಬೆಳಿಗ್ಗೆ ಬೈತಲೆ ತೆಗೆಯಲು ಅಡುಗೆಮನೆಯ ಕಿಟಕಿಯ ಗಾಜಿನ ಮುಂದೆ ಕತ್ತು ಕೊಂಕಿಸಿ ನಿಲ್ಲುತ್ತಾಳೆಂದರೆ ಬೀದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕಾರು. ಅದಕ್ಕೇ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಕನ್ನಡಿಗಳನ್ನು ತಿರುಗಿಸಿದವರು ಅವಳ ಅತ್ತೆ. ಎಂಟು ತಿಂಗಳ ಹಿಂದೆ, ಆಸ್ಪತ್ರೆಯಿಂದ ಮರಳಿದ ದಿನ, ಚಪ್ಪಲಿಯನ್ನೂ ಬಿಚ್ಚದೆ ಒಂದೊಂದಾಗಿ ಎಲ್ಲವನ್ನೂ ತಿರುಗಿಸಿ, ಕೊನೆಯದನ್ನು ತಿರುಗಿಸಿದ ಮೇಲೆ ಕುರ್ಚಿಯಲ್ಲಿ ಕುಳಿತು ನೀರು ಕೇಳಿದ್ದರು.

ಇದರ ತೂಕ ತಿಳಿಯಬೇಕಾದರೆ ಆ ಮನೆಯ ಕಟ್ಟಳೆಯೊಂದು ತಿಳಿದಿರಬೇಕು. ಬೇರೆ ಕನ್ನಡಿಗಾರರು ಒಂದು ಸಲ ನೋಡಿ ಕಳಿಸುವ ಕನ್ನಡಿಯನ್ನು ಇವರು ಎರಡು ಸಲ ನೋಡುತ್ತಿದ್ದರು. ಮೊದಲ ನೋಟ ಮಾವನದು. ಕಾರ್ಖಾನೆಯ ಬಿಳಿ ಗೋಡೆಯ ಮುಂದೆ, ತುದಿಗೆ ಸೀಸದ ಗುಂಡು ಕಟ್ಟಿದ ಏಳು ಕಪ್ಪು ದಾರಗಳು ಸೂರಿನಿಂದ ಇಳಿಬಿದ್ದಿದ್ದವು. ಹೊಸ ಕನ್ನಡಿಯನ್ನು ಅವುಗಳಿಗೆ ಎದುರಾಗಿ ನಿಲ್ಲಿಸಿ ಮಾವ ಏಡಿಯಂತೆ ಅಡ್ಡಡ್ಡ ನಡೆಯುತ್ತ ಕನ್ನಡಿಯೊಳಗಿನ ದಾರಗಳ ಮೇಲೆ ಕಣ್ಣು ನೆಡುವರು. ದಾರ ನೆಟ್ಟಗೆ ನಿಂತರೆ ಗಾಜು ನೆಟ್ಟಗಿದೆ ಎಂದು ಅರ್ಥ. ನೀರಹಾವಿನಂತೆ ಒಮ್ಮೆ ಬಳುಕಿದರೂ ಸಾಕು, ಆ ಗಾಜನ್ನು ಕತ್ತರಿಸಿ ಕಿಟಕಿಗೆ ಹಾಕುವುದೇ ಸರಿ. ಈ ಪರೀಕ್ಷೆಯಲ್ಲಿ ಮಾವ ತಮ್ಮ ಮುಖದ ಕಡೆ ಅಪ್ಪಿತಪ್ಪಿಯೂ ನೋಡುತ್ತಿರಲಿಲ್ಲ. "ಸ್ವಂತ ಮುಖ ಕಂಡಕೂಡ್ಲೇ ಬುದ್ಧಿ ಅಲ್ಲೇ ಅಂಟ್ಕೊಂಡುಬಿಡುತ್ತೆ ಮಗಳೇ, ಗಾಜು ಮರ್ತೇಹೋಗುತ್ತೆ" ಎಂದು ಅವರು ಸೊಸೆಗೆ ಹೇಳಿಕೊಟ್ಟಿದ್ದರು.

ಆದರೆ ದಾರಕ್ಕೆ ಗೆರೆ ಗೊತ್ತು, ಬಣ್ಣ ಗೊತ್ತಿಲ್ಲ. ಗಾಜಿನಲ್ಲಿ ಹಸಿರಿನ ಒಂದು ಎಳೆ ಹೆಚ್ಚಾಗಿದ್ದರೆ, ಬೆಳ್ಳಿ ಒಂದಿಷ್ಟು ತೆಳುವಾಗಿ ಕುಳಿತಿದ್ದರೆ, ಅದನ್ನು ಹೇಳಬಲ್ಲದ್ದು ಮನುಷ್ಯರ ಚರ್ಮ ಮಾತ್ರ. ಆದ್ದರಿಂದ ಎರಡನೆಯ ನೋಟ ಮನೆಯ ಹೆಂಗಸಿನದು. ಅತ್ತೆ ಉತ್ತರದ ಕಿಟಕಿಯ ಬಳಿ ಗಿಡ್ಡ ಮಣೆಯ ಮೇಲೆ ಕುಳಿತು, ಹೊಸ ಕನ್ನಡಿಯ ಮುಂದೆ ಜಡೆ ಬಿಚ್ಚಿ, ಬಾಚಿ, ಮತ್ತೆ ಹೆಣೆದುಕೊಳ್ಳುತ್ತಿದ್ದರು. ಹೆಣೆದು ಮುಗಿಯುವುದರೊಳಗೆ ತೀರ್ಪು ಬಂದುಬಿಡುತ್ತಿತ್ತು. ಒಪ್ಪಿದರೆ, ಕನ್ನಡಿಯ ಬೆನ್ನಿನ ಕೆಳಮೂಲೆಗೆ ಮಾವ ಹಚ್ಚಿಟ್ಟ ಹಸಿ ಬಣ್ಣದ ಮೇಲೆ ಹೆಬ್ಬೆರಳನ್ನು ಒತ್ತುವರು. ಊರಿಗೆಲ್ಲ ಗೊತ್ತಿದ್ದ ಆ ಗುರುತು ಚೌಕಟ್ಟು ಹಾಕಿದ ಮೇಲೆ ಯಾರಿಗೂ ಕಾಣದು. ಆದರೂ ಅದಿಲ್ಲದೆ ನಲವತ್ತು ವರ್ಷಗಳಲ್ಲಿ ಒಂದು ಕೈಗನ್ನಡಿಯೂ ಹೊಸಿಲು ದಾಟಿರಲಿಲ್ಲ.

ಸೊಸೆಗೆ ಆ ಹೆಬ್ಬೆರಳಿನ ಮೇಲೆ ಬೇರೆಯೇ ಒಂದು ಗೌರವವಿತ್ತು. ಮದುವೆಯಾಗಿ ಬಂದ ವಾರದಲ್ಲಿ ಅತ್ತೆ ಅವಳನ್ನು ಆಳೆತ್ತರದ ಕನ್ನಡಿಯೊಂದರ ಮುಂದೆ ನಿಲ್ಲಿಸಿ, "ಏನು ಕಾಣುತ್ತೆ ಹೇಳು" ಎಂದಿದ್ದರು.

"ನಾನು."

"ತಪ್ಪು. ನೀನು ಎಲ್ಲಿಗೂ ಓಡಿಹೋಗಲ್ಲ. ಗಾಜು ನೋಡು. ಹಿಂದಿನ ಬಾಗಿಲು ನೋಡು, ನೆಲದ ಗೆರೆ ನೋಡು. ಎಲ್ಲ ನೆಟ್ಟಗಿದೆಯಾ?"

"ಇದೆ."

"ಹಂಗಾದ್ರೆ ಈಗ ನಿನ್ನ ನೋಡ್ಕೋ."

ಸೊಸೆ ನೋಡಿಕೊಂಡಳು. ನೋಡಿಕೊಂಡವಳು ಮೂಗಿನ ಮೇಲೆ ಬೆರಳಿಟ್ಟು ಹಾಗೇ ನಿಂತುಬಿಟ್ಟಳು. ತವರಿನಲ್ಲಿದ್ದದ್ದು ಅಂಗೈಯಗಲದ ಒಂದೇ ಒಂದು ಕನ್ನಡಿ. ಅದರಲ್ಲಿ ಅವಳ ಮೂಗು ಬಲಕ್ಕೆ ವಾಲಿತ್ತು. ಹೈಸ್ಕೂಲಿನಿಂದ ಮದುವೆಯವರೆಗೆ ಯಾರು ಫೋಟೋ ತೆಗೆಯಲು ಬಂದರೂ ಅವಳು ಓರೆಯಾಗಿ ನಿಂತು ಬಲಗಡೆಯನ್ನು ಮರೆಸುತ್ತಿದ್ದಳು. ಇಲ್ಲಿ ನೋಡಿದರೆ ಮೂಗು ದಾರದಂತೆ ನೆಟ್ಟಗೆ ಇಳಿದಿತ್ತು. ಸಂಗತಿ ತಿಳಿದ ಅತ್ತೆ ನಕ್ಕ ನಗು ಬೀದಿಯ ತುದಿಗೆ ಕೇಳಿಸಿತ್ತು. "ಅಯ್ಯೋ ಹುಚ್ಚೀ, ಸೊಟ್ಟಗಿದ್ದದ್ದು ನಿಮ್ಮಪ್ಪನ ಮನೆ ಗಾಜು. ನಿನ್ನ ಮೂಗು ಏನು ಮಾಡಿತ್ತು ಪಾಪ!"

ಒಂದು ಅಗ್ಗದ ಗಾಜಿನ ತಪ್ಪನ್ನು ತನ್ನ ತಪ್ಪೆಂದು ವರ್ಷಗಟ್ಟಲೆ ಹೊತ್ತು ತಿರುಗಿದವಳ ತಲೆಯಿಂದ ಆ ದಿನ ಇಳಿದ ಹೊರೆ ಸಣ್ಣದಲ್ಲ. ಅಂದಿನಿಂದ ಅವಳು ಅತ್ತೆಯ ಬೆನ್ನುಬಿಡದೆ ಗಾಜಿನ ವಿದ್ಯೆ ಕಲಿತಳು. ಅವಳ ಗಂಡ ಊರೂರು ಸುತ್ತಿ ದೊಡ್ಡ ಕಟ್ಟಡಗಳಿಗೆ ಕಿಟಕಿಗಾಜು ಕೂರಿಸುವವನು. ತಿಂಗಳಿಗೊಮ್ಮೆ ಬಂದು, ಮನೆಯೊಳಗೆ ಅಮ್ಮನಿಗೆ ಶಿಷ್ಯೆ ಸಿಕ್ಕಳು, ತನಗೆ ಹೆಂಡತಿ ಸಿಗಲಿಲ್ಲ ಎಂದು ಗೊಣಗಿ ಹೋಗುತ್ತಿದ್ದ.

ಅಂಥ ಅತ್ತೆಗೆ ಒಂದು ಬೆಳಿಗ್ಗೆ ಮುಖದ ಎಡಭಾಗಕ್ಕೆ ಲಕ್ವ ಹೊಡೆಯಿತು. ಕೆನ್ನೆ ಜೋತಿತು, ತುಟಿಯ ಮೂಲೆ ಇಳಿಯಿತು, ಎಡಗಣ್ಣು ಮುಚ್ಚದಾಯಿತು. ನಿಧಾನವಾಗಿ ಬಹಳಷ್ಟು ಸರಿಹೋಗುತ್ತದೆ ಎಂದು ವೈದ್ಯರು ಹೇಳಿದ್ದರು, ಹಾಗೇ ಆಗುತ್ತಲೂ ಇತ್ತು. ನಾಲ್ಕನೆಯ ತಿಂಗಳಿಗೆ ಕಣ್ಣು ಮುಚ್ಚತೊಡಗಿತು. ಆರನೆಯದಕ್ಕೆ ಕೆನ್ನೆ ಮೇಲೆ ಬಂತು. ದಿನಾ ಎದುರು ಕೂತು ಊಟ ಬಡಿಸುವ ಸೊಸೆಗೆ ಅದು ಕಾಣುತ್ತಿತ್ತು. ಅತ್ತೆಗೆ ಮಾತ್ರ ಕಾಣುವ ದಾರಿಯೇ ಇರಲಿಲ್ಲ. ಅವರು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದರು, ಬೀದಿಗೆ ಕಾಲಿಡುತ್ತಿರಲಿಲ್ಲ, ಯಾರಾದರೂ ಬಂದರೆ ಶಾಲಿನ ಅಂಚನ್ನು ಎಡಗೆನ್ನೆಯ ಮೇಲೆ ಎಳೆದುಕೊಳ್ಳುತ್ತಿದ್ದರು.

"ಎಷ್ಟೋ ವಾಸಿಯಾಗಿದೆ ಅತ್ತೆ, ಒಂದೇ ಒಂದು ಸಲ ನೋಡ್ಕೊಳ್ಳಿ" ಎಂದು ಸೊಸೆ ಅಂಗಲಾಚಿದರೆ, "ನೀನು ನನ್ನ ಮುಖ ನೋಡಿ ಹೇಳ್ತಿಲ್ಲ, ನನ್ನ ಮನಸ್ಸು ನೋಡಿ ಹೇಳ್ತಿದೀಯ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಕೆಲಸದ ನೆಪ ಮುಂದೆ ಮಾಡಿದರೆ ಅದಕ್ಕೂ ಉತ್ತರ ಸಿದ್ಧವಿತ್ತು. "ಅಳತೆಕೋಲೇ ಬಾಗಿದ ಮೇಲೆ ಅದ್ರಿಂದ ಏನನ್ನ ಅಳೀಲಿ?"

ಹೀಗಾಗಿ ಎಂಟು ತಿಂಗಳಿಂದ ಕನ್ನಡಿಗಳು ಎರಡನೆಯ ನೋಟವಿಲ್ಲದೆ, ಹೆಬ್ಬೆರಳಿನ ಗುರುತಿಲ್ಲದೆ ಹೊಸಿಲು ದಾಟುತ್ತಿದ್ದವು. ಸೊಸೆ ತಾನೇ ಜಡೆ ಹೆಣೆದು ನೋಡಲು ಹೊರಟಿದ್ದುಂಟು. ಆದರೆ ಮಣೆಯ ಮೇಲೆ ಕುಳಿತ ಕೂಡಲೇ, ಬದುಕಿರುವವರ ಹಾಸಿಗೆಯ ಮೇಲೆ ಮಲಗಿದಂತೆ ಮೈ ಮುದುರಿಕೊಂಡಿತು, ಎದ್ದುಬಿಟ್ಟಳು.

ಆಗ ಬಂದದ್ದು ಟೈಲರಮ್ಮನ ಕನ್ನಡಿ. ಬಂದದ್ದು ಎಂದರೆ ಮರಳಿ ಬಂದದ್ದು. ಪೇಟೆಬೀದಿಯಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಈಕೆ, ತನ್ನ ಅಂಗಡಿಗೆ ಮಾಡಿಸಿದ ಮೂರು ಬಾಗಿಲಿನ ಕನ್ನಡಿಯನ್ನು ಕೈಗಾಡಿಯ ಮೇಲೆ ಹಾಕಿಸಿಕೊಂಡು, ತಾನೇ ಹಿಂದೆ ನಡೆದುಕೊಂಡು ಬಂದಳು. ನಡುವೆ ಒಂದು ಅಗಲವಾದ ಗಾಜಿನ ಹಲಗೆ, ಅಕ್ಕಪಕ್ಕ ಕೀಲಿನ ಮೇಲೆ ತಿರುಗುವ ಎರಡು. ಎದುರು ನಿಂತವರಿಗೆ ತಮ್ಮ ಹೆಗಲ ಹಿಂಭಾಗವೂ ಕಾಣುವ ಏರ್ಪಾಡು.

"ಅಳತೆ ಎಲ್ಲ ಸರಿ ಇದೆ ಕನ್ನಡಿಯವ್ರೇ" ಎಂದಳು ಮಾವನಿಗೆ. "ಆದ್ರೆ ಇದ್ರ ಮುಂದೆ ನಿಂತವ್ರೆಲ್ಲ ಈಗಷ್ಟೇ ಜ್ವರ ಬಿಟ್ಟು ಎದ್ದವ್ರ ಥರ ಕಾಣ್ತಾರೆ. ನಿನ್ನೆ ಒಬ್ಬಳು ಕೆಂಪು ಬಟ್ಟೆ ಹಾಕ್ಕೊಂಡು ನೋಡಿ ಅತ್ತೇಬಿಟ್ಲು. ಬಟ್ಟೆ ಬಿಚ್ಚಿಟ್ಟು ಹೋದ್ಲು. ಆಮೇಲೆ ಚೌಕಟ್ಟು ಬಿಚ್ಚಿಸಿ ಹಿಂದೆ ನೋಡಿದೆ. ಅಮ್ಮನ ಹೆಬ್ಬೆರಳು ಎಲ್ಲಿ?"

ಮಾವ ಕನ್ನಡಿಯ ಬೆನ್ನಿನ ಕೆಳಮೂಲೆಯನ್ನು ಬೆರಳಿನಿಂದ ಒರೆಸಿದರು.

"ಅಮ್ಮನ ಕಣ್ಣಿಗೆ ಏನೂ ಆಗಿಲ್ವಲ್ಲ? ಇನ್ನೊಂದು ಮಾಡಿಕೊಡಿ. ಅಮ್ಮ ನೋಡಿದ್ರೆ ತಗೋತೀನಿ. ಇಲ್ಲ ಅಂದ್ರೆ ಬೇಜಾರಾಗ್ಬೇಡಿ, ಬೇರೆ ಕಡೆ ನೋಡ್ಕೋತೀನಿ."

ಒಳಗಿನ ಕೋಣೆಯ ಬಾಗಿಲು ಅರೆತೆರೆದಿತ್ತು. ಅದರ ಹಿಂದೆ ಅತ್ತೆ ನಿಂತಿದ್ದರೆಂದು ಸೊಸೆಗೆ ಗೊತ್ತಿತ್ತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಮರುದಿನದಿಂದ ಮಾವ ಎರಡು ಕೆಲಸಗಳನ್ನು ಒಟ್ಟಿಗೆ ಹಿಡಿದರು. ಒಂದು, ಟೈಲರಮ್ಮನಿಗೆ ಹೊಸ ಮೂರು ಹಲಗೆಗಳು. ಎರಡನೆಯದನ್ನು ಬಟ್ಟೆ ಮುಚ್ಚಿ ಮೂಲೆಯಲ್ಲಿಟ್ಟಿದ್ದರು; ಸೊಸೆ ಕೇಳಿದಾಗ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಬಟ್ಟೆ ಸರಿಸಿದರು. ಎಲ್ಲೋ ಹಳೆಯ ಬೀರುವಿನಿಂದ ತೆಗೆದಿಟ್ಟಿದ್ದ, ಚಹಾದಲ್ಲಿ ಅದ್ದಿದಂತೆ ನಸುಗಂದು ಬಣ್ಣದ, ಬಹಳ ತೆಳುವಾದ ಗಾಜು.

"ನಿಮ್ಮತ್ತೆಗೆ" ಎಂದರು. ಮತ್ತೆ ಗಾಜು ತೊಳೆಯತೊಡಗಿದರು.

ಅವರು ಬೆಳ್ಳಿ ಹಾಕುವುದನ್ನು ಸೊಸೆ ಎಷ್ಟು ಸಲ ನೋಡಿದ್ದಳೋ. ಆದರೂ ಪ್ರತಿ ಸಲವೂ ಉಸಿರು ಬಿಗಿಹಿಡಿದೇ ನೋಡುತ್ತಿದ್ದಳು. ಮೊದಲು ನುಣ್ಣನೆಯ ಕೆಂಪು ಪುಡಿಯಿಂದ ಗಾಜನ್ನು ಉಜ್ಜುವುದು. ಎಲ್ಲಿ ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡುತ್ತದೋ ಅಲ್ಲಿಗೆ ಗಾಜು ಶುದ್ಧವಾಯಿತೆಂದು ಲೆಕ್ಕ. ಆಮೇಲೆ ಬೆಳ್ಳಿಯ ನೀರು, ಅದರೊಡನೆ ಸಕ್ಕರೆ ಬೆರೆತ ಇನ್ನೊಂದು ನೀರು. ಎರಡನ್ನೂ ಒಟ್ಟಿಗೆ ಸುರಿದು, ತೊಟ್ಟಿಲು ತೂಗುವಂತೆ ಮೇಜನ್ನು ತೂಗುವರು. ನೀರು ಮೊದಲು ಕಂದಾಗುತ್ತದೆ, ಆಮೇಲೆ ಮಸಿಯಂತೆ ಕಪ್ಪಾಗುತ್ತದೆ. ಕೆಲಸ ಕೆಟ್ಟೇಹೋಯಿತೆಂದು ಹೊಸಬರು ಎದೆ ಹಿಡಿದುಕೊಳ್ಳುವ ಆ ಗಳಿಗೆಯಲ್ಲೇ ಕಪ್ಪಿನ ಅಡಿಯಿಂದ ಹೊಳಪು ಏಳುತ್ತದೆ. ಒಂದು ಕ್ಷಣದ ಹಿಂದೆ ಆಚೆಯದನ್ನೆಲ್ಲ ತೋರಿಸುತ್ತಿದ್ದ ಗಾಜು ಈಗ ಈಚೆಯದನ್ನೆಲ್ಲ ಹಿಡಿದುಕೊಳ್ಳುತ್ತದೆ. ಸೂರು, ದೀಪ, ಬಗ್ಗಿದ ಮಾವನ ಗಡ್ಡ, ಎಲ್ಲವೂ ಅದರಲ್ಲಿ ಬಂದು ಕೂರುತ್ತವೆ. ದಡ್ಡ ಗಾಜಿಗೆ ಕಣ್ಣು ಬರುವ ಆ ಗಳಿಗೆಗೆ ಸಮನಾದದ್ದನ್ನು ಸೊಸೆ ಬೇರೆ ಯಾವ ಕಸುಬಿನಲ್ಲೂ ಕಂಡಿರಲಿಲ್ಲ.

ಆದರೆ ಚೌಕಟ್ಟು ಹಾಕುವಾಗ ಮಾವ ಎಂದೂ ಮಾಡದ ಕೆಲಸವೊಂದನ್ನು ಮಾಡಿದರು. ಕನ್ನಡಿಯ ಬೆನ್ನಿಗೂ ಹಿಂದಿನ ಹಲಗೆಗೂ ನಡುವೆ, ಸರಿಯಾಗಿ ಮಧ್ಯದಲ್ಲಿ, ಮೇಲಿಂದ ಕೆಳಗೆ ಬೆಂಕಿಕಡ್ಡಿಯಷ್ಟು ದಪ್ಪದ ಮರದ ಪಟ್ಟಿಯೊಂದನ್ನು ಇಟ್ಟು ಬಿಗಿದರು. ತೆಳು ಗಾಜು ಕೂದಲೆಳೆಯಷ್ಟು ಮುಂದಕ್ಕೆ ಉಬ್ಬಿತು.

"ಮಾವ! ಗಾಜಿಗೆ ಹೊಟ್ಟೆ ಬರಿಸ್ತಿದ್ದೀರಾ?"

"ಸ್ವಲ್ಪವೇ. ಮುಖ ಒಂದಿಷ್ಟು ಕಿರಿದಾಗಿ ಕಾಣುತ್ತೆ. ಜೋತ ಕೆನ್ನೆ ಒಳಗೆ ಸರಿಯುತ್ತೆ. ಗಾಜಿನ ಬಣ್ಣಕ್ಕೆ ಚರ್ಮಾನೂ ಕಳೆಕಳೆಯಾಗಿ ಕಾಣುತ್ತೆ."

"ನೀವು, ಇಂಥದ್ದು..."

"ನಲವತ್ತು ವರ್ಷ ಯಾರಿಗೂ ಮಾಡಿಲ್ಲ" ಎಂದರು ಮಾವ, ತಲೆಯೆತ್ತದೆ. "ಅವಳು ಮೊದಲನೇ ಸಲ ನೋಡ್ಕೊಳ್ಳುವಾಗ ಹೆದರ್ಕೋಬಾರ್ದು. ಅಷ್ಟೇ. ಒಂದು ಸಲ ದಾಟಿದ್ರೆ ಸಾಕು. ನೀನು ಬಾಯಿ ಬಿಡ್ಬೇಡ ತಾಯೀ."

ಸೊಸೆ ಬಾಯಿಗೆ ಬೀಗ ಹಾಕಿಕೊಂಡಳು. ತಾಯೀ ಎಂದು ಅಂಗಲಾಚಿದ ಮುದುಕನಿಗೆ ಎದುರಾಡಲು ಅವಳಿಗೆ ಮನಸ್ಸು ಬರಲಿಲ್ಲ.

ಮರುದಿನ ಬೆಳಿಗ್ಗೆ ಆ ಕನ್ನಡಿ ನಡುಮನೆಯ ಪಕ್ಕದ ಓಣಿಯಂಥ ಹಾದಿಯಲ್ಲಿ ತೂಗಿತು. ಮನೆಯಲ್ಲಿ ಗೋಡೆಗೆ ಬೆನ್ನು ಮಾಡಿದ್ದು ಅದೊಂದೇ. ಪಕ್ಕದ ಕಿಟಕಿಯಿಂದ ಬೆಳಕು ನೋಡುವವರ ಬಲಗೆನ್ನೆಗೆ ಮೆಲ್ಲಗೆ ಬೀಳುವಂತೆ ಜಾಗವನ್ನು ಅಳೆದೂ ಸುರಿದೂ ಆರಿಸಿದ್ದರು. ಒಗೆದ ಬಟ್ಟೆಯ ಬುಟ್ಟಿ ಹಿಡಿದು, ತಲೆ ತಗ್ಗಿಸಿಕೊಂಡು ಅತ್ತೆ ಬಂದಾಗ ಮಾವ ಕೆಮ್ಮಿದರು.

"ನೋಡೇ, ಈ ಗಾಜು ಹಳೇದು. ಅಂಚಿನಲ್ಲಿ ಬೆಳ್ಳಿ ಸರಿಯಾಗಿ ಹಿಡ್ದಿದೆಯೋ ಇಲ್ವೋ ಗೊತ್ತಾಗ್ತಿಲ್ಲ. ಬರೀ ಅಂಚು ನೋಡಿ ಹೇಳು, ಸಾಕು."

ಬೇರೆ ಯಾವ ಮಾತಿಗೂ ಅತ್ತೆ ನಿಲ್ಲುತ್ತಿರಲಿಲ್ಲ. ಬೆಳ್ಳಿ ಹಿಡಿಯಲಿಲ್ಲ ಎಂಬ ಮಾತಿಗೆ ಮಾತ್ರ ಅವರ ಕಾಲು ತಾನಾಗಿ ನಿಂತಿತು. ಬುಟ್ಟಿ ಇಳಿಸಿ, ಶಾಲಿನ ಅಂಚು ಹಿಡಿದುಕೊಂಡೇ, ಕನ್ನಡಿಯ ಕೆಳಮೂಲೆಗೆ ಬಗ್ಗಿದರು. ಬೆರಳಿನ ಗೆಣ್ಣಿನಿಂದ ಗಾಜನ್ನು ತಟ್ಟಿದರು. ಕಣ್ಣು ಅಂಚಿನಿಂದ ಮೇಲೇರಿತು, ಇನ್ನಷ್ಟು ಮೇಲೇರಿತು, ಒಂದು ಕಡೆ ನಿಂತಿತು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಮೈಯೆಲ್ಲ ಕಣ್ಣಾಗಿ ನಿಂತಿದ್ದಳು.

"ಏನ್ರೀ ಇದು?"

ಮಾವ ಬಟ್ಟೆಯ ಬುಟ್ಟಿಯನ್ನು ಬದಿಗೆ ಸರಿಸಿದರು.

"ಹಿಂದಿನ ಬಾಗಿಲ ಮೇಲಿನ ಪಟ್ಟಿ ಬಿಲ್ಲಿನ ಥರ ಬಾಗಿದೆ. ಬಟ್ಟೆ ಹಗ್ಗ ನೋಡಿ, ತುದಿಗೆ ಹೋಗ್ತಾ ಇಳಿದಿದೆ. ಈ ಗಾಜಿಗೆ ಹೊಟ್ಟೆ ಬಂದಿದೆ!" ಅವರು ಎರಡು ಹೆಜ್ಜೆ ಎಡಕ್ಕೆ ಸರಿದರು, ಎರಡು ಹೆಜ್ಜೆ ಬಲಕ್ಕೆ. "ಯಾರು ಮಾಡಿದ್ದು? ನೀವಾ? ಇದನ್ನ ಯಾವ ಪುಣ್ಯಾತ್ಮನಿಗೆ ಕೊಡೋಕೆ ಹೊರ್ಟಿದ್ದೀರಿ?"

"ಯಾರಿಗೂ ಇಲ್ಲ."

"ಯಾರಿಗೂ ಇಲ್ಲ ಅಂದ್ರೆ?"

"ನಿನಗೇ ಮಾಡಿದ್ದು."

ಅತ್ತೆಯ ಕೈ ಚೌಕಟ್ಟಿನ ಹಿಂದೆ ಹೋಗಿ ಹಿಂದಿನ ಹಲಗೆಯನ್ನು ತಡವಿತು. ಅನುಭವದ ಬೆರಳಿಗೆ ಒಳಗಿನ ಉಬ್ಬು ತಿಳಿಯಲು ಎಷ್ಟು ಹೊತ್ತು ಬೇಕು?

"ಪಟ್ಟಿ ಇಟ್ಟಿದ್ದೀರಿ" ಎಂದರು. ಧ್ವನಿ ಏರತೊಡಗಿತು. "ಬೀದೀಲಿ ಹೋಗೋ ದಾರಿಹೋಕನಿಗೂ ನೆಟ್ಟಗಿನ ಗಾಜು ಕೊಟ್ಟವ್ರು, ಕಟ್ಕೊಂಡ ಹೆಂಡ್ತಿಗೆ ಸುಳ್ಳುಗಾಜು ಕೊಟ್ರಾ? ಅದೂ ನನಗೆ ಗೊತ್ತಾಗಲ್ಲ ಅಂತ ತಿಳ್ಕೊಂಡ್ರಾ? ಲಕ್ವ ಹೊಡೆದದ್ದು ನನ್ನ ಕೆನ್ನೆಗೆ ಕಣ್ರೀ, ಕಣ್ಣಿಗಲ್ಲ! ಬಣ್ಣ ಬೇರೆ! ಚಹಾದಲ್ಲಿ ಮುಳುಗಿಸಿದ ಹಂಗಿದೆ ಮುಖ..."

"ನಿನಗೆ ನೋವಾಗ್ಬಾರ್ದು ಅಂತ" ಎಂದು ಮಾವ ನೆಲಕ್ಕೆ ಹೇಳಿದರು.

"ನೋವು ಈಗ ಆಯ್ತು!"

ಸೊಸೆಗೆ ಆಗ ಒಂದು ಸಂಗತಿ ಹೊಳೆಯಿತು. ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ ಹೇಳಲು ಭಯವೂ ಆಗಲಿಲ್ಲ.

"ಅತ್ತೆ" ಎಂದಳು. "ಐದು ನಿಮಿಷದಿಂದ ಕನ್ನಡಿ ಮುಂದೆ ನಿಂತಿದ್ದೀರಿ."

ಅತ್ತೆ ತಿರುಗಿದರು. ಬೈಯುವ ಭರದಲ್ಲಿ ಶಾಲು ಯಾವಾಗಲೋ ಹೆಗಲಿಗೆ ಜಾರಿತ್ತು.

"ಗಾಜು ನೋಡ್ತಿದ್ದೆ" ಎಂದರು, ಆದರೆ ಧ್ವನಿಯಲ್ಲಿ ಮೊದಲಿನ ಕಾವು ಇರಲಿಲ್ಲ.

"ಮುಖ ಚಹಾದಲ್ಲಿ ಮುಳುಗಿಸಿದ ಹಂಗಿದೆ ಅಂತ ನೀವೇ ಈಗ ಅಂದ್ರಿ. ಮುಖಾನೂ ನೋಡಿದ್ರಿ. ಹೆದರ್ಲಿಲ್ವಲ್ಲ?"

"ಇದು ಸುಳ್ಳುಗಾಜು. ಇದ್ರಲ್ಲಿ ಕಂಡದ್ದು ನನ್ನ ಮುಖ ಅಲ್ಲ. ನನ್ನ ಮುಖ ನಾನು ಆಸ್ಪತ್ರೇಲೇ ನೋಡಿದೀನಿ."

"ಆಸ್ಪತ್ರೇಲಿ ಕನ್ನಡಿ ಎಲ್ಲಿತ್ತು? ನೀವಿದ್ದ ಕೋಣೇಲಿ ನಾನೇ ನಾಲ್ಕು ದಿನ ಇದ್ದೆ. ಒಂದೂ ಇರ್ಲಿಲ್ಲ."

ಅತ್ತೆ ಜಾರಿದ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಉತ್ತರ ಒಳಗಿನಿಂದ ಬರುತ್ತಾ ಬರುತ್ತಾ ಅವರಿಗೇ ವಿಚಿತ್ರವಾಗಿ ಕೇಳಿಸಿತೋ ಏನೋ.

"ಊಟದ ತಟ್ಟೆಗೆ ಮುಚ್ಚಳ ಇರುತ್ತಲ್ಲ" ಎಂದರು ಕೊನೆಗೆ. "ಸ್ಟೀಲಿಂದು. ಅದನ್ನ ಎತ್ತಿದಾಗ ಕಾಣ್ತು."

"ಮುಚ್ಚಳ ಚಪ್ಪಟೆ ಇತ್ತಾ?"

"...ಗುಂಡಗಿತ್ತು."

"ಹಿಡಿಕೆ ಹತ್ರ ತಗ್ಗು ಬಿದ್ದಿತ್ತಾ?"

ಅತ್ತೆಯ ಬೆರಳು ಗಾಳಿಯಲ್ಲೇ ಆ ಮುಚ್ಚಳದ ತಗ್ಗನ್ನು ತಡವಿತು.

"ಅತ್ತೆ! ಕೂದಲೆಳೆಯಷ್ಟು ಹೊಟ್ಟೆ ಬಂದ್ರೆ ಗಾಜನ್ನ ಕಿಟಕಿಗೆ ಹಾಕ್ಸೋರು ನೀವು. ನೀವು ಹೋಗಿ ಹೋಗಿ ಒಂದು ತಗ್ಗುಬಿದ್ದ ತಟ್ಟೆಮುಚ್ಚಳ ನಂಬಿದ್ರಾ? ಎಂಟು ತಿಂಗಳು?" ಅವಳು ತನ್ನ ಮೂಗಿನ ಮೇಲೆ ಬೆರಳಿಟ್ಟಳು. "ಅಯ್ಯೋ ಹುಚ್ಚೀ ಅಂತ ನನಗೆ ಯಾರಂದಿದ್ರು? ಸೊಟ್ಟಗಿದ್ದದ್ದು ಗಾಜು ಅಂತ ಯಾರು ಹೇಳಿದ್ರು?"

ಗಾಜಿನ ಬಗ್ಗೆ ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವರು, ತಮ್ಮ ಸರದಿ ಬಂದಾಗ ಗಾಜೇ ಅಲ್ಲದ್ದನ್ನು ಸಾಕ್ಷಿ ಎಂದು ಒಪ್ಪಿಕೊಂಡಿದ್ದರು. ಅಡ್ಡಗೆರೆ ನೋಡಿರಲಿಲ್ಲ, ಹಿಂದಿನ ಬಾಗಿಲು ನೋಡಿರಲಿಲ್ಲ. ಮುಖ ಕಂಡಕೂಡಲೇ ಬುದ್ಧಿ ಅಲ್ಲೇ ಅಂಟಿಕೊಂಡಿತ್ತು. ಮಾವ ಮೆಲ್ಲಗೆ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಅತ್ತೆಯ ಬಲತುಟಿ ಮೊದಲು ಅಲುಗಿತು. ಎಡದ್ದು ಒಂದು ಹೆಜ್ಜೆ ತಡವಾಗಿ, ಕುಂಟುತ್ತಾ ಹಿಂಬಾಲಿಸಿತು. ಆಮೇಲೆ ಬಂದ ನಗು ಬೀದಿಯ ತುದಿಗೆ ಕೇಳಿಸಿತೋ ಇಲ್ಲವೋ, ಮನೆಯ ಮೂವತ್ತೊಂದು ಬೆನ್ನುಗಳಿಗಂತೂ ಕೇಳಿಸಿರಬೇಕು.

ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಟೈಲರಮ್ಮನ ಕನ್ನಡಿ ಎಲ್ಲಿ?" ಎಂದರು.

ಕಾರ್ಖಾನೆಯ ಉತ್ತರದ ಕಿಟಕಿಯ ಬಳಿ ಮೂರು ಹಲಗೆಗಳು ಕೀಲು ಹಾಕಿಸಿಕೊಂಡು ನಿಂತಿದ್ದವು. ಮೊದಲ ನೋಟ ಮುಗಿದಿತ್ತು. ಸೊಸೆ ಮಣೆಯ ಮೇಲಿನ ದೂಳು ಒರೆಸಿದಳು. ಅತ್ತೆ ಬೆನ್ನು ತಿರುಗಿಸಿಯೇ ಬಂದು, ಕುಳಿತು, ಕಣ್ಣು ಮುಚ್ಚಿಕೊಂಡು ಕನ್ನಡಿಯತ್ತ ತಿರುಗಿದರು. ತೆರೆದಾಗ, ಕಲಿತ ಪಾಠದಂತೆ, ಮೊದಲು ನೋಡಿದ್ದು ದಾರಗಳನ್ನು. ಒಂದರಿಂದ ಏಳರವರೆಗೆ ಎಣಿಸಿದರು. ಆಮೇಲೆ ನೆಲದ ಗೆರೆ. ಆಮೇಲೆ ಬಾಗಿಲು. ಇನ್ನು ನೋಡಲು ಏನೂ ಉಳಿಯದಿದ್ದಾಗ ತಮ್ಮ ಮುಖ ನೋಡಿದರು.

ಸೊಸೆ ಎಲ್ಲಿ ನೋಡಬೇಕೆಂದು ತಿಳಿಯದೆ ಸೀಸದ ಗುಂಡೊಂದನ್ನು ನೋಡುತ್ತಿದ್ದಳು.

"ಇದು ನಾನು ನೋಡ್ಕೊಳ್ಳೋ ನಾನು" ಎಂದರು ಅತ್ತೆ. "ನೀವು ನೋಡೋದು ಇದಲ್ಲ. ಕನ್ನಡಿ ಎಡಬಲ ಅದಲುಬದಲು ಮಾಡುತ್ತೆ. ಬೀದಿಯವ್ರಿಗೆ ಹೇಗೆ ಕಾಣ್ತೀನಿ, ಅದು ಬೇಕು ನನಗೆ."

ಸೊಸೆಗೆ ಹೇಳಿಕೊಡಬೇಕಾಗಿರಲಿಲ್ಲ. ನೇರ ಮೂಲೆ ಅಳೆಯುವ ಮೂಲೆಮಟ್ಟ ತಂದು, ನಡುವಿನ ಹಲಗೆಗೂ ಬಲದ ಹಲಗೆಗೂ ಅದರ ಎರಡು ತೋಳುಗಳು ತಾಗುವಂತೆ ಇಟ್ಟು, ಬಲದ ಹಲಗೆಯನ್ನು ತಿರುಗಿಸಿ ಮೂಲೆಗೆ ತಂದು ನಿಲ್ಲಿಸಿದಳು. ಎರಡು ಕನ್ನಡಿಗಳು ಹಾಗೆ ಮೂಲೆ ಕೂಡಿದಾಗ, ಒಂದು ತಿರುಗಿಸಿದ್ದನ್ನು ಇನ್ನೊಂದು ಮರಳಿ ತಿರುಗಿಸುತ್ತದೆ. ಮೂಲೆಯ ಗೆರೆಯಲ್ಲಿ ನಿಲ್ಲುವ ಬಿಂಬ, ಎದುರು ಬಂದವರು ಕಾಣುವ ಮುಖ. ಅತ್ತೆ ಮಣೆ ಸರಿಸಿಕೊಂಡು ಆ ಗೆರೆಯ ಮುಂದೆ ಕುಳಿತರು. ಕೂದಲು ಹಿಂದಕ್ಕೆ ಸರಿಸಲು ಕೈಯೆತ್ತಿದರೆ ಬಿಂಬದ ಕೈ ಎದುರುದಿಕ್ಕಿನಲ್ಲಿ ಏರಿತು. ಬೆಚ್ಚಿ, "ಥೂ, ಇವಳ್ಯಾರಪ್ಪ ನನ್ನ ಮಾತು ಕೇಳದೋಳು" ಎಂದರು. ಮತ್ತೆ ಹತ್ತಿರ ಬಗ್ಗಿದರು.

ಆ ಕಡೆ ಕುಳಿತಿದ್ದವಳು ಐವತ್ತೆಂಟು ವರ್ಷದ ಹೆಂಗಸು. ಒಂದು ಕೆನ್ನೆ ಇನ್ನೊಂದಕ್ಕಿಂತ ಸ್ವಲ್ಪ ಆಲಸಿ. ಒಂದು ಹುಬ್ಬು ಏನನ್ನೋ ಒಪ್ಪದವಳಂತೆ ತುಸು ತಗ್ಗಿತ್ತು. ಕಣ್ಣುಗಳು ಮಾತ್ರ ಎರಡೂ ಒಂದೇ ಹದದಲ್ಲಿ, ಒಂದು ಕನ್ನಡಿಯ ತಪ್ಪನ್ನು ಹಿಡಿಯಲು ಹೊರಟ ಕಣ್ಣುಗಳಂತೆ ಚೂಪಾಗಿದ್ದವು.

"ನೀವೆಲ್ಲ ದಿನಾ ನೋಡ್ತಿದ್ದದ್ದು ಇದನ್ನಾ?"

"ಇದನ್ನೇ ಅತ್ತೆ."

"ಇಷ್ಟೇನಾ?"

"ಇಷ್ಟೇ."

ಅತ್ತೆ ಹಲಗೆಗಳನ್ನು ಬಿಡಿಸಲು ಸನ್ನೆ ಮಾಡಿ, ಕೈ ಹಿಂದಕ್ಕೆ ಹಾಕಿ ಜಡೆ ಬಿಚ್ಚಿದರು. ಎಂಟು ತಿಂಗಳಲ್ಲಿ ಬಿಳಿ ಹೆಚ್ಚಾಗಿತ್ತು. ಅದನ್ನು ಗಮನಿಸಿ, ಮೂಗು ಮುರಿದು, ಬಾಚಣಿಗೆ ಹಿಡಿದರು. ಮೂರೆಳೆ ಬೇರೆ ಮಾಡಿ ಹೆಣೆಯುತ್ತ ನಡುವಿನ ಹಲಗೆಯಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕಣ್ಣು ಹಾಯಿಸಿದರು. ಜಡೆಯ ಅರ್ಧಕ್ಕೆ ಬಂದಾಗ ಕೈ ನಿಂತಿತು.

"ಎಡದ ಬಾಗಿಲು ತಣ್ಣಗಿದೆ" ಎಂದರು ಅತ್ತೆ.

"ಏನು?" ಎಂದರು ಬಾಗಿಲಲ್ಲಿ ನಿಂತಿದ್ದ ಮಾವ.

"ನಡುವಿನದ್ರಲ್ಲಿ ನನ್ನ ಕುತ್ತಿಗೆ ಒಂದು ಬಣ್ಣ, ಎಡದ್ರಲ್ಲಿ ಇನ್ನೊಂದು. ನೀಲಿ ಹೊಡೀತಿದೆ. ಬೇರೆ ಪೆಟ್ಟಿಗೆ ಗಾಜು ಹಾಕಿದ್ದೀರಿ. ಮೂರೂ ಒಂದೇ ಪೆಟ್ಟಿಗೇದಿರ್ಬೇಕು ಅಂತ ಎಷ್ಟು ಸಲ ಹೇಳ್ಲಿ?"

ಮಾವ ಬಂದು ಇಣುಕಿದರು. ದಾರ ನೋಡುವ ಅಭ್ಯಾಸದ ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ ಗೋಡೆಗೆ ಒರಗಿಸಿದ್ದ ಖಾಲಿ ಪೆಟ್ಟಿಗೆಗಳನ್ನು ನೋಡಿ ತಲೆ ಕೆರೆದುಕೊಂಡರು. ಎಡದ ಹಲಗೆಗೆ ಗಾಜು ಸಾಲದೆ ಹೊಸ ಪೆಟ್ಟಿಗೆ ಒಡೆದದ್ದು ನಿಜವಾಗಿತ್ತು. ಹಾಗೆ ಬಗ್ಗಿದಾಗ, ನಡುವಿನ ಹಲಗೆಯಲ್ಲಿ ಹೆಂಡತಿಯ ಹೆಗಲ ಮೇಲೆ ಕಾಣಿಸಿಕೊಂಡ ಗಡ್ಡದ ಮುಖವೊಂದು ಅವರ ಕಣ್ಣಿಗೆ ಬಿತ್ತು.

"ಈ ಮುದುಕ ಯಾರೇ?"

"ನಮ್ಮನೆಯವ್ರು" ಎಂದರು ಅತ್ತೆ. "ನಾನು ದಿನಾ ನೋಡ್ತೀನಿ. ಗಾಜಿನದ್ದೇನೂ ತಪ್ಪಿಲ್ಲ."

ಎಡದ ಹಲಗೆ ಮತ್ತೆ ತಯಾರಾಗಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನಗಳಲ್ಲಿ ಮನೆಯ ಮೂವತ್ತೊಂದು ಕನ್ನಡಿಗಳು ಒಂದೊಂದಾಗಿ ತಿರುಗಿದವು. ತಿರುಗಿಸಿದಂತೆಲ್ಲ ಅತ್ತೆ ದೂಳು ಎಂದರು, ಕಲೆ ಎಂದರು, ಇದನ್ನು ಯಾರು ಇಷ್ಟು ಎತ್ತರಕ್ಕೆ ತೂಗುಹಾಕಿದ್ದು, ಜಿರಾಫೆ ನೋಡಿಕೊಳ್ಳಲಿಕ್ಕಾ ಎಂದರು. ಸೊಸೆ ಒದ್ದೆಬಟ್ಟೆ ಹಿಡಿದು ಹಿಂದೆ ಹಿಂದೆ ಓಡಾಡುತ್ತ, ಬೈಗುಳವನ್ನು ಬಿಸಿಲಿನಂತೆ ಮೈಮೇಲೆ ಹಾಕಿಕೊಂಡಳು. ಟೈಲರಮ್ಮ ತನ್ನ ಕನ್ನಡಿ ಒಯ್ಯಲು ಬಂದಾಗ, ಚೌಕಟ್ಟಿನ ಬೆನ್ನು ಮುಚ್ಚಲು ಬಿಡದೆ, ಮೊದಲು ಹಿಂಭಾಗಕ್ಕೆ ಹೋಗಿ ಬಗ್ಗಿ ನೋಡಿದಳು. ಮೂರು ಹಲಗೆ, ಮೂರು ಗುರುತು.

ಕೊನೆಗೆ ಉಳಿದದ್ದು ಓಣಿಯ ಆ ಕಂದುಗಾಜು. ಅದನ್ನು ಕಳಚಿ ಅಡಗಿಸಿಡಲು ಮಾವ ಏಣಿ ಹಾಕುತ್ತಿದ್ದುದನ್ನು ಅತ್ತೆ ಕಂಡರು.

"ಎಲ್ಲಿಗೆ ಒಯ್ತಿದ್ದೀರಿ?"

"ಒಡೆದುಹಾಕ್ತೀನಿ. ಇಂಥದ್ದು ಮನೇಲಿ ಇರ್ಬಾರ್ದು."

"ಇಳೀರಿ ಕೆಳಗೆ. ಬಣ್ಣ ಇರ್ಲಿ, ಪಟ್ಟಿ ತೆಗೀರಿ."

ಮಾವ ಅದನ್ನು ಕಾರ್ಖಾನೆಯ ಮೇಜಿನ ಮೇಲೆ ಬೋರಲು ಮಲಗಿಸಿ, ಹಿಂದಿನ ಹಲಗೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಬೆಂಕಿಕಡ್ಡಿ ದಪ್ಪದ ಆ ಪಟ್ಟಿಯನ್ನು ಎಳೆದು ತೆಗೆದರು. ಬಿಗಿಹಿಡಿದಿದ್ದ ಉಸಿರು ಬಿಟ್ಟಂತೆ ತೆಳು ಗಾಜು ಚಪ್ಪಟೆಯಾಯಿತು. ಅದನ್ನು ನಿಲ್ಲಿಸಿ ದಾರದ ಪರೀಕ್ಷೆ ಮಾಡಿದರು; ಏಳೂ ನೆಟ್ಟಗೆ ನಿಂತವು. ಅತ್ತೆ ಮಣೆ ಎಳೆದುಕೊಂಡು, ಬೆಳಿಗ್ಗೆಯಷ್ಟೇ ಹೆಣೆದಿದ್ದ ಜಡೆಯನ್ನು ಮತ್ತೆ ಬಿಚ್ಚಿ ಹೆಣೆದರು. ಚಹಾಬಣ್ಣದ ಬೆಳಕಿನಲ್ಲಿ ಅವರ ಮುಖ ಇದ್ದಂತೆಯೇ ಇತ್ತು, ಕೆನ್ನೆ ಆಲಸಿಯಾಗಿಯೇ, ಹುಬ್ಬು ತಗ್ಗಿಯೇ. ಒಂದಿಷ್ಟು ಬೆಚ್ಚಗೆ ಮಾತ್ರ.

"ಎಲ್ಲಿ, ಬಣ್ಣ ಹಚ್ಚಿ" ಎಂದರು.

ಮಾವ ಕುಂಚ ಅದ್ದಿ ಬೆನ್ನಿನ ಕೆಳಮೂಲೆಗೆ ಹಚ್ಚಿದರು. ಅತ್ತೆ ಹೆಬ್ಬೆರಳು ಒತ್ತಿ ತೆಗೆದು, ಬೆರಳಿಗೆ ಅಂಟಿದ ಕೆಂಪನ್ನು ಸೊಸೆಯ ನೆಟ್ಟಗಿನ ಮೂಗಿನ ತುದಿಗೆ ಒರೆಸಿ, ಬಟ್ಟೆಯ ಬುಟ್ಟಿ ಎತ್ತಿಕೊಂಡು ಹೊರಬಿಸಿಲಿಗೆ ನಡೆದರು. ಶಾಲು ಮಣೆಯ ಮೇಲೆಯೇ ಉಳಿದಿತ್ತು.